ಕ್ಷಮಿಸುವ ಹಕ್ಕು ಯಾರದು?

ಅಮೆರಿಕದ ಸಂವಿಧಾನ ಅಧ್ಯಕ್ಷರಿಗೆ ಕೊಟ್ಟ ಅಧಿಕಾರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸರ್ವಸೇನಾಧಿಪತ್ಯವಲ್ಲ, ಕ್ಷಮಾದಾನ. ಒಪ್ಪಂದಕ್ಕೂ ದೊಡ್ಡ ನೇಮಕಗಳಿಗೂ ಸೆನೆಟ್ಟಿನ ಸಮ್ಮತಿ ಬೇಕು. ಕ್ಷಮೆಗೆ ಯಾರ ಸಮ್ಮತಿಯೂ ಬೇಡ. ನಮ್ಮ ರಾಷ್ಟ್ರಪತಿಗಳಾದರೋ ಇದರಲ್ಲೂ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಅಲ್ಲಿ, ಕೇಂದ್ರ ಕಾನೂನಿನ ಅಪರಾಧವಾದರೆ, ಒಬ್ಬರ ಮನಸ್ಸಾಕ್ಷಿಯೇ ಸಾಕು. ಮಹಾಭಿಯೋಗವನ್ನು ಮಾತ್ರ ತಡೆಯುವಂತಿಲ್ಲ.

1974ರ ಆಗಸ್ಟ್ 9ರಂದು ನಿಕ್ಸನ್ ವಾಟರ್‌ಗೇಟ್ ಹಗರಣದಿಂದಾಗಿ ಹುದ್ದೆ ಬಿಟ್ಟರು. ಅವರ ಸ್ಥಾನಕ್ಕೆ ಬಂದ ಫೋರ್ಡ್ ಸೆಪ್ಟೆಂಬರ್ 8ರಂದು ಅವರಿಗೆ ಪೂರ್ಣ ಕ್ಷಮೆಯಿತ್ತರು. ಆಗಿನ್ನೂ ನಿಕ್ಸನ್ ಮೇಲೆ ಮೊಕದ್ದಮೆಯೇ ಹೂಡಿರಲಿಲ್ಲ! ದೇಶದ ಗಾಯ ಮಾಯಲಿ ಎಂಬುದು ಫೋರ್ಡರ ವಾದ. ನಿಕ್ಸನ್ ತಪ್ಪಾಯಿತೆಂದರೇ? ಹಗರಣವನ್ನು ಇನ್ನಷ್ಟು ದೃಢವಾಗಿ ನಿಭಾಯಿಸದ್ದು ತಪ್ಪು ಎಂದರು, ಅಪರಾಧವನ್ನು ಒಪ್ಪಲಿಲ್ಲ. ಕ್ಷಮೆಯನ್ನು ಸ್ವೀಕರಿಸುವುದೇ ತಪ್ಪೊಪ್ಪಿಗೆ ಎಂಬ ಅರ್ಥದ 1915ರ ಸುಪ್ರೀಂ ಕೋರ್ಟಿನ ಮಾತನ್ನು ಫೋರ್ಡ್ ನೆಚ್ಚಿಕೊಂಡಿದ್ದರು. ಅದು ವಕೀಲರ ಸಮಾಧಾನವೆಂದೇ ನನಗನಿಸುತ್ತದೆ.

ತಮ್ಮನಿಗೆ ಹೊಡೆದ ಅಣ್ಣನನ್ನು ತಂದೆ ಶಿಕ್ಷಿಸದೆ ಬಿಡಬಹುದು. ಆದರೆ ಕ್ಷಮಿಸಬೇಕಾದವನು ತಮ್ಮ. ಅದಕ್ಕೂ ಮೊದಲು, ನಡೆದದ್ದೇನೆಂದು ಮನೆಮಂದಿಯೆದುರು ಮಾತಿಗೆ ಬರಬೇಕು.

1976ರಲ್ಲಿ ಫೋರ್ಡ್ ಚುನಾವಣೆ ಸೋತರು. ಕಾರಣ ಇದೊಂದೇ ಅಲ್ಲವೆನ್ನಿ. 2001ರಲ್ಲಿ ಅದೇ ಕ್ಷಮಾದಾನಕ್ಕಾಗಿ ಕೆನಡಿ ಸ್ಮಾರಕ ಸಂಸ್ಥೆಯವರು ಅವರಿಗೆ ಧೈರ್ಯದ ಪ್ರಶಸ್ತಿ ಕೊಟ್ಟರು. ಒಮ್ಮೆ ಖಂಡಿಸಿದ್ದವರಲ್ಲಿ ಕೆಲವರು ಮನಸ್ಸು ಬದಲಿಸಿದ್ದರು. ನನ್ನ ಮನಸ್ಸು ಅರ್ಧ ದಾರಿಯಲ್ಲಿ ನಿಂತಿದೆ: ಶಿಕ್ಷೆ ಬಿಟ್ಟದ್ದಕ್ಕೆ ತಕರಾರಿಲ್ಲ, ವಿಚಾರಣೆಯನ್ನೇ ಇಲ್ಲವಾಗಿಸಿದ್ದನ್ನು ಒಪ್ಪಲಾರೆ.