ಖಾಲಾ ಕೇಳಿದ ಪ್ರಶ್ನೆ

ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಸೀಮೆಯ ಒಂದು ಓಣಿ. ಇಪ್ಪತ್ತು ವರ್ಷಗಳ ಹಿಂದಿನ ಮಾತು. ಪೋಲಿಯೋ ಭಾನುವಾರದಂದು ಅಂಗನವಾಡಿ ಟೀಚರು ಐಸ್ ಡಬ್ಬಿ ಹೊತ್ತು ಬಾಗಿಲಿಗೆ ಬಂದರು. ಆ ಮನೆಯ ಖಾಲಾ ಮೊಮ್ಮಗನನ್ನು ಒಳಗೆ ಕಳಿಸಿ ಕೇಳಿದರು: "ಗಟಾರ ತೆಗಸ್ರಿ ಅಂದ್ರ ಯಾರೂ ಬರಂಗಿಲ್ಲ. ಈ ಹನಿಗೆ ಮಾತ್ರ ಕರೀದಿದ್ರೂ ಮತ್ತ ಮತ್ತ ಬರ್ತೀರಿ. ಯಾಕವ್ವಾ?" ಹನಿ ಹಾಕಿಸಿಕೊಂಡವರಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತು ಆಗ ಹಬ್ಬಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಸೊಸೆ ಸುಮ್ಮನೆ ನಿಂತಿದ್ದಳು.

ಖಾಲಾರನ್ನು ಅಜ್ಞಾನಿ ಎನ್ನುವುದು ಸುಲಭ. ಆದರೆ ಅವರು ಕೇಳಿದ್ದು ವಿಜ್ಞಾನದ ಪ್ರಶ್ನೆಯನ್ನೇ. ಪೋಲಿಯೋ ವೈರಸ್ ಹೆಚ್ಚಾಗಿ ಮಲದಿಂದ ಕಲುಷಿತಗೊಂಡ ನೀರು, ಕೈ, ಆಹಾರಗಳ ಮೂಲಕ ಮಗುವಿನ ಹೊಟ್ಟೆ ಸೇರುತ್ತದೆ. ಗಟಾರಕ್ಕೂ ಹನಿಗೂ ಸಂಬಂಧವಿದೆ. ಹೊಲಸು ಹೆಚ್ಚಿದ್ದು ಮಕ್ಕಳಿಗೆ ಮೇಲಿಂದ ಮೇಲೆ ಭೇದಿಯಾಗುವ ಕಡೆ ಒಂದೆರಡು ಸಲದ ಹನಿ ಎಲ್ಲ ಮಕ್ಕಳಿಗೂ ಹಿಡಿಯುವುದಿಲ್ಲ. ಅದಕ್ಕಾಗಿಯೇ ಮತ್ತೆ ಮತ್ತೆ ಬರುವುದು. ಇಷ್ಟನ್ನು ಹೇಳಲು ಅಲ್ಲಿದ್ದ ಯಾರಿಗೂ ಆಗಲಿಲ್ಲ. ಸೊಸೆ ಲಸಿಕೆಯ ಪಾಠ ಓದಿದ್ದು ಅಂಕಗಳಿಗಾಗಿ. ಉರ್ದು, ಕನ್ನಡ ಎರಡೂ ಶಾಲೆಗಳಲ್ಲಿ ಕಲಿತ ನಾವೂ ಉತ್ತರಗಳನ್ನು ಬಾಯಿಪಾಠ ಮಾಡಿದೆವೇ ಹೊರತು ಪ್ರಶ್ನೆ ಕೇಳಲು ಕಲಿಯಲಿಲ್ಲ.

ಅನುಮಾನ ಪಡುವುದೇ ತಪ್ಪೇ? ಅಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಹೆತ್ತವರು ಸಹಿ ಮಾಡಬೇಕಾದಲ್ಲಿ ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಮಾಡಿದ್ದರು. ಕೆಲವು ಬಾಲಕಿಯರ ಸಾವಿನ ಸುದ್ದಿ ಬಂದ ಮೇಲೆ 2010ರಲ್ಲಿ ಅಧ್ಯಯನ ನಿಂತಿತು. ಸಾವಿಗೆ ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಸಿದ್ಧವಾಗಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸದೀಯ ಸ್ಥಾಯಿ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಒಳ್ಳೆಯ ಮದ್ದನ್ನೂ ಕೇಳದೆ ಕೊಟ್ಟರೆ ಅನುಮಾನವೇ ಬೆಳೆಯುತ್ತದೆ.

ಹಾಗೆಂದು ಅನುಮಾನದಲ್ಲೇ ಕುಳಿತುಬಿಡುವುದೂ ಸಲ್ಲದು. ಅದರ ದಂಡ ತೆರುವವರು ನಾವಲ್ಲ, ಕಾಲಿನ ಬಲ ಕಳೆದುಕೊಂಡ ಕೂಸು. ನಮ್ಮ ದೇಶದಲ್ಲಿ ವೈಲ್ಡ್ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರಲ್ಲಿ ಭಾರತ ಪೋಲಿಯೋ ಮುಕ್ತವೆಂದು ಘೋಷಣೆಯಾಯಿತು. ಇದು ಹನಿಯೊಂದರಿಂದಲೇ ಆದದ್ದಲ್ಲ. ಮನೆಬಾಗಿಲಲ್ಲಿ ನಿಂತು ಮಾತಾಡಿದವರು, ಮಸೀದಿಗಳಿಂದ ಕರೆ ಕೊಟ್ಟವರು ಇದರ ಹಿಂದೆ ಇದ್ದಾರೆ.

ಆ ದಿನ ಟೀಚರು, "ನನ್ನ ಕೂಸಿಗೆ ಮುಂಜಾನೇನ ಹಾಕ್ಸೇನ್ರಿ ಅಮ್ಮಾ" ಎಂದರು. ಖಾಲಾ ಅವರನ್ನು ಕೂರಿಸಿ ಚಹಾ ಕೊಟ್ಟರು, ಮೊಮ್ಮಗನನ್ನು ಹೊರಗೆ ಕರೆದರು. ಗಟಾರದ ಪ್ರಶ್ನೆ ಹಾಗೆಯೇ ಉಳಿಯಿತು. ನಮ್ಮ ಮಕ್ಕಳಾದರೂ ಅದನ್ನು ವಿಜ್ಞಾನದ ತರಗತಿಯಲ್ಲಿ ಎದ್ದು ನಿಂತು ಕೇಳಬೇಕು.