ರಾಮದಾಸನ ರಸೀದಿ

ಗೋಲ್ಕೊಂಡದ ಕೋಟೆಯಲ್ಲಿ, ಭದ್ರಾಚಲದ ರಾಮದಾಸನನ್ನು ಹನ್ನೆರಡು ವರ್ಷ ಕೂಡಿಹಾಕಿದ್ದರೆಂದು ಹೇಳುವ ಕತ್ತಲೆಯ ಕೋಣೆಯೊಂದಿದೆ. ಬಿಸಿಲಿನಿಂದ ಒಳಹೊಕ್ಕವನ ಕಣ್ಣು ಹೊಂದಿಕೊಳ್ಳಲು ಕೊಂಚ ಹೊತ್ತು ಹಿಡಿಯುತ್ತದೆ, ಆಮೇಲೆ, ಸೆರೆಯಾಳೇ ಗೋಡೆಯಲ್ಲಿ ಕೆತ್ತಿದನೆಂದು ಜನ ನಂಬುವ ದೇವರ ಒರಟು ಆಕೃತಿಗಳು ಒಂದೊಂದಾಗಿ ಮೂಡುತ್ತವೆ. ಅವನ ಹೆಸರು ಕಂಚರ್ಲ ಗೋಪನ್ನ. ಪಾಲ್ವಂಚದ ತಹಶೀಲ್ದಾರನಾಗಿದ್ದು, ಬೊಕ್ಕಸಕ್ಕೆ ಸೇರಬೇಕಾದ ಕಂದಾಯವನ್ನು ದೇವಾಲಯಕ್ಕೆ ವೆಚ್ಚ ಮಾಡಿದನೆಂಬುದು ಅವನ ಮೇಲಣ ಆರೋಪ. ಭಕ್ತಿಯ ಮಾತನ್ನು ಒಂದು ಗಳಿಗೆ ಬದಿಗಿಟ್ಟರೆ, ಇಂದಿನ ನ್ಯಾಯಾಲಯವೂ ಅದನ್ನು ಅಪರಾಧವೆಂದೇ ಕರೆದೀತು. ರಾಮಲಕ್ಷ್ಮಣರು ರಾಮೋಜಿ ಲಕ್ಷ್ಮೋಜಿಗಳೆಂಬ ವೇಷದಲ್ಲಿ ನಡುರಾತ್ರಿ ಸುಲ್ತಾನ ತಾನಾಶಾಹನ ಬಳಿಗೆ ಬಂದು ಆರು ಲಕ್ಷ ವರಹಗಳನ್ನು ಸುರಿದರೆಂಬ ಐತಿಹ್ಯವನ್ನು ಬಾಲ್ಯದಲ್ಲಿ ಕೇಳಿದಾಗ ನನಗೆ ಪವಾಡವೇ ದೊಡ್ಡದಾಗಿ ಕಂಡಿತ್ತು. ಈಗ ವಯಸ್ಸಾದ ಮೇಲೆ, ಹಣ ತೆತ್ತವರು ಸುಲ್ತಾನನಿಂದ ರಸೀದಿ ಕೇಳಿ ಪಡೆದರೆಂಬ ಸಣ್ಣ ಸಂಗತಿಯೇ ಹೆಚ್ಚಾಗಿ ಕಾಡುತ್ತದೆ. ಸರ್ವಾಂತರ್ಯಾಮಿಗೆ ಕಾಗದವೇಕೆ? ದಫ್ತರದ ರೀತಿಯನ್ನು ಚೆನ್ನಾಗಿ ಬಲ್ಲವನೊಬ್ಬನು ಈ ಕಥೆಗೆ ಕೈಹಚ್ಚಿರಬೇಕು.

ಹೈದರಾಬಾದಿನ ಚಂಚಲಗುಡದ ಸೆರೆಮನೆಯಿಂದಲೋ ಚರ್ಲಪಲ್ಲಿಯಿಂದಲೋ ಅವಧಿ ಮುಗಿಸಿ ಹೊರಬಂದವನ ಕೈಯಲ್ಲಿಯೂ ಬಿಡುಗಡೆಯ ಕಾಗದವಿರುತ್ತದೆ. ಅದನ್ನು ರಸೀದಿಯೆಂದು ಮನ್ನಿಸುವವರು ವಿರಳ. ಬಾಡಿಗೆಗೆ ಮನೆ ಕೇಳಹೋದಲ್ಲಿ ಊರು, ಕುಲ, ಊಟಗಳ ವಿಚಾರಣೆ ಮುಗಿದ ಮೇಲೆ 'ಇಷ್ಟು ದಿನ ಎಲ್ಲಿದ್ದಿರಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೆಲಸದ ಅರ್ಜಿಯಲ್ಲಿ, ಹಿಂದೆ ಬಂಧನವೋ ಶಿಕ್ಷೆಯೋ ಆಗಿತ್ತೇ ಎಂದು ಕೇಳುವ ಅಂಕಣದ ಎದುರು ಲೇಖನಿ ನಿಲ್ಲುತ್ತದೆ, ಏಕೆಂದರೆ ಹೌದೆಂದರೆ ಕೆಲಸ ದಕ್ಕದು, ಇಲ್ಲವೆಂದರೆ ಮರೆಮಾಚಿದ ಹೊಸ ತಪ್ಪು ಹೆಗಲೇರುತ್ತದೆ. ನೈತಿಕ ಅಧಃಪತನದ ಅಪರಾಧಕ್ಕಾಗಿ 2 ವರ್ಷಕ್ಕೆ ಕಡಮೆಯಿಲ್ಲದ ಸೆರೆಮನೆವಾಸ ವಿಧಿಸಲ್ಪಟ್ಟವನಿಗೆ ರಹದಾರಿಯನ್ನು ನಿರಾಕರಿಸಬಹುದೆನ್ನುವ 1967ರ ಪಾಸ್‌ಪೋರ್ಟ್ ಕಾಯಿದೆಯಾದರೂ ಹಿಂದಿನ 5 ವರ್ಷಗಳನ್ನು ಮಾತ್ರ ಎಣಿಸುತ್ತದೆ. ನೆರೆಹೊರೆಯ ಲೆಕ್ಕಕ್ಕೆ ಅಂಥ ಮಿತಿಯಿಲ್ಲ. ಪೊಲೀಸ್ ಠಾಣೆಯ ರೌಡಿ ಶೀಟಿಗಂತೂ ಶಿಕ್ಷೆಯೇ ಆಗಿರಬೇಕೆಂದಿಲ್ಲ, ಶಂಕೆಯಿದ್ದರೂ ಸಾಕು. ಒಮ್ಮೆ ಅದು ತೆರೆಯಿತೆಂದರೆ ಚುನಾವಣೆಗೋ ಗಣೇಶನ ಮೆರವಣಿಗೆಗೋ ಮುಂಚೆ ಠಾಣೆಯಿಂದ ಕರೆ ಬರುವುದು ವಾಡಿಕೆ.

ತಪ್ಪು ಮಾಡಿದವನನ್ನು ಜನ ಮರಳಿ ಸೇರಿಸಿಕೊಳ್ಳುವ ವಿಷಯವನ್ನು ನಮ್ಮವರೇ ಒಬ್ಬರು ಒಂಬೈನೂರು ವರ್ಷಗಳ ಹಿಂದೆ ಯೋಚಿಸಿದ್ದರು. 1956ರವರೆಗೆ ಹೈದರಾಬಾದಿನ ರಾಜ್ಯಕ್ಕೇ ಸೇರಿದ್ದ ಬೀದರ ಜಿಲ್ಲೆಯ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರನನ್ನು ನಾವು ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ಮಾತ್ರ ನೆನೆಯುತ್ತೇವೆ. ಆ ಗ್ರಂಥದ ಮೂರನೆಯ ಭಾಗವಾದ ಪ್ರಾಯಶ್ಚಿತ್ತಾಧ್ಯಾಯವನ್ನು ತೆರೆಯುವವರು ಅಪೂರ್ವ. ಅರಿಯದೆ ಮಾಡಿದ ಪಾಪವು ಪ್ರಾಯಶ್ಚಿತ್ತದಿಂದ ಕಳೆಯುತ್ತದೆ, ಬುದ್ಧಿಪೂರ್ವಕವಾಗಿ ಮಾಡಿದವನಾದರೋ ವ್ಯವಹಾರ್ಯನಾಗುತ್ತಾನೆ, ಎಂದರೆ ಜನರ ಒಡನಾಟಕ್ಕೆ ಅರ್ಹನಾಗುತ್ತಾನೆ ಎಂಬ ಸ್ಮೃತಿವಾಕ್ಯವನ್ನು ವಿವರಿಸುತ್ತ ಆತನು ಪಾಪಕ್ಕೆ ಎರಡು ಶಕ್ತಿಗಳನ್ನು ಹೇಳುತ್ತಾನೆ: ನರಕಕ್ಕೆ ಒಯ್ಯುವುದೊಂದು, ಜನರೊಡನೆ ಕೊಡುಕೊಳೆ ಊಟ ಉಪಚಾರಗಳನ್ನು ತಡೆಯುವುದಿನ್ನೊಂದು. ಮೊದಲನೆಯದು ಉಳಿದರೂ ಎರಡನೆಯದು ನೀಗಬಲ್ಲುದು. ಪಾಪ ಹೋಯಿತೋ ಇಲ್ಲವೋ ಎಂಬುದನ್ನು ಪರಲೋಕಕ್ಕೆ ಬಿಟ್ಟು, ನೆರೆಯವನ ಜಗಲಿಯನ್ನು ಮಾತ್ರ ಅವನಿಗೆ ಹಿಂದಿರುಗಿಸುವ ಈ ವಿವೇಕ ನನಗೆ ಅತ್ಯಂತ ಪ್ರಿಯವಾದುದು. ನಾವು ಈಗ ಮಾಡುತ್ತಿರುವುದು ಇದರ ತಲೆಕೆಳಗು: ದಂಡ ಮುಗಿದೊಡನೆ ಪಾಪದ ಲೆಕ್ಕವನ್ನು ಚುಕ್ತಾ ಮಾಡಿ, ಜಗಲಿಯ ಬಾಗಿಲಿಗೆ ಅಗುಳಿ ಹಾಕುತ್ತೇವೆ. ಅದೇ ಶ್ಲೋಕದಲ್ಲಿ ಸಂಧಿಯಿಂದ ಅಕಾರವೊಂದು ಲೋಪವಾಗಿದೆಯೆಂದು ಬಗೆದರೆ ವ್ಯವಹಾರ್ಯನು ಅವ್ಯವಹಾರ್ಯನಾಗಿಬಿಡುತ್ತಾನೆ. ಕಲ್ಯಾಣದ ಪಂಡಿತನು ಹಾಗೆ ಓದಲಿಲ್ಲ.

ಮನುವೂ, ರಾಜದಂಡವನ್ನು ಅನುಭವಿಸಿದವನು ನಿರ್ಮಲನಾಗಿ ಸುಕೃತಿಗಳಂತೆಯೇ ಸ್ವರ್ಗಕ್ಕೆ ಹೋಗುವನೆಂದು ಒಂದೆಡೆ ಹೇಳಿ, ಮತ್ತೊಂದೆಡೆ ಮಹಾಪಾತಕಿಗಳ ಹಣೆಗೆ ಬರೆ ಹಾಕಿಸುತ್ತಾನೆ. ಆದರೆ ಪ್ರಾಯಶ್ಚಿತ್ತ ಮಾಡಿಕೊಂಡವನಿಗೆ ದಂಡ ಸಾಕು, ಬರೆ ಬೇಡವೆನ್ನುತ್ತಾನೆ. ವರ್ಣಕ್ಕೊಂದು ಶಿಕ್ಷೆ ವಿಧಿಸಿದ ಗ್ರಂಥವನ್ನು ಸಾಕ್ಷಿಗೆ ಕರೆಯಲು ನನಗೆ ಸಂಕೋಚವೇ; ಆದರೂ ಹಣೆಯ ಬರೆ ಹಣೆಬರಹವಾಗಬಾರದೆಂಬ ಅಳುಕು ಅಲ್ಲಿಯೂ ಇಣುಕುವುದನ್ನು ಅಲ್ಲಗಳೆಯಲಾರೆ.

ಶಾಲೆಯ ಮಕ್ಕಳನ್ನು ಕರೆದೊಯ್ಯುವ ಗಾಡಿಯ ಚಾಲಕನ ಪೂರ್ವವೃತ್ತವನ್ನು ತಾಯಿಯೊಬ್ಬಳು ವಿಚಾರಿಸಿದರೆ ಅದನ್ನು ನಿಷ್ಕರುಣೆಯೆನ್ನಲು ನನಗೆ ಬಾಯಿಲ್ಲ. ಆದರೆ ಸ್ಮೃತಿಕಾರರು ಒಂದೊಂದು ಪಾಪಕ್ಕೆ ಒಂದೊಂದು ಪ್ರಾಯಶ್ಚಿತ್ತವನ್ನು ಅಳೆದು ಕೊಟ್ಟರು. ನಮ್ಮ ಅರ್ಜಿಯ ಅಂಕಣವೋ, ಮೂಟೆ ಹೊರುವವನನ್ನೂ ಮಕ್ಕಳನ್ನು ಕಾಯುವವನನ್ನೂ ಒಂದೇ ಮಾತಿನಲ್ಲಿ ಕೇಳುತ್ತದೆ. ಪ್ರೊಬೇಷನ್ ಮೇಲೆ ಬಿಡಲ್ಪಟ್ಟವನಿಗೆ ಆ ತೀರ್ಪಿನಿಂದ ಯಾವ ಅನರ್ಹತೆಯೂ ತಟ್ಟಬಾರದೆಂದು 1958ರ ಕಾಯಿದೆಯ 12ನೆಯ ಕಲಮು ಹೇಳುತ್ತದೆ; 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾರುಣ್ಯದ ಹಳೆಯ ಮೊಕದ್ದಮೆಯನ್ನು ಅರ್ಜಿಯಲ್ಲಿ ತಿಳಿಸದ ಪೊಲೀಸ್ ಹುದ್ದೆಯ ಅಭ್ಯರ್ಥಿಯೊಬ್ಬನನ್ನು ಮನ್ನಿಸುವಾಗ, ರೊಟ್ಟಿ ಕದ್ದು ಜೀವಮಾನವೆಲ್ಲ ಕಳ್ಳನೆನಿಸಿಕೊಂಡ ಹ್ಯೂಗೋನ ಕಾದಂಬರಿಯ ಜಾನ್ ವಾಲ್‌ಜಾನನನ್ನು ನೆನೆಯಿತು. ಅದಕ್ಕಾಗಿ ಫ್ರಾನ್ಸಿನವರೆಗೆ ಹೋಗಬೇಕಾಗಿರಲಿಲ್ಲ.

ಚಂಚಲಗುಡದ ಸೆರೆಮನೆಯ ಬಳಿ ಕಾರಾಗೃಹ ಇಲಾಖೆಯೇ ನಡೆಸುವ ಪೆಟ್ರೋಲ್ ಬಂಕ್ ಇದೆ; ಸೆರೆಯಾಳುಗಳನ್ನೂ ಬಿಡುಗಡೆಯಾದವರನ್ನೂ ಅಲ್ಲಿ ದುಡಿಮೆಗೆ ಹಚ್ಚುತ್ತಾರೆ. ಮೊನ್ನೆ ಅಲ್ಲಿ ಸ್ಕೂಟರ್ ನಿಲ್ಲಿಸಿದಾಗ, ನರೆಗೂದಲಿನ ಒಬ್ಬಾತ ಪೆಟ್ರೋಲ್ ಹಾಕಿ, ನಾನು ಕೊಟ್ಟ ಐನೂರರ ನೋಟನ್ನು ಬೆಳಕಿಗೆ ಹಿಡಿದು ನೋಡಿ, ಚಿಲ್ಲರೆಯನ್ನು ಎರಡು ಸಲ ಎಣಿಸಿ ನನ್ನ ಅಂಗೈಯಲ್ಲಿಟ್ಟ. ವಿಜ್ಞಾನೇಶ್ವರನನ್ನು ಓದಿದ ನನ್ನ ನಾಲಗೆಯ ತುದಿಗೂ 'ನೀನು ಒಳಗಿನವನೋ ಹೊರಗಿನವನೋ, ಏನು ಮಾಡಿದ್ದೆ?' ಎಂಬ ಮಾತು ಬಂದಿತ್ತು. ಹಿಂದಿನ ಆಟೋದವನು ಹಾರ್ನ್ ಒತ್ತದೇ ಇದ್ದಿದ್ದರೆ ಕೇಳಿಯೇ ಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಅವನೇ ದಖನಿಯಲ್ಲಿ ಕೇಳಿದ: "ರಸೀದ್ ಹೋನಾ ಕ್ಯಾ, ಸಾಬ್?"

ಬೇಡವೆಂದು ತಲೆಯಾಡಿಸಿ ಗಾಡಿ ಮುಂದಕ್ಕೆ ಬಿಟ್ಟೆ.