ಮೇ ತಿಂಗಳಲ್ಲಿ ನೀರು ಎಲ್ಲಿರುತ್ತದೆ?

ಭಾನುವಾರದ ಪುರವಣಿ ತೆರೆದರೆ ಈಗೀಗ ಇಂಥದೊಂದು ಜಾಹೀರಾತು ಕಣ್ಣಿಗೆ ಬೀಳುತ್ತದೆ: ಹಿನ್ನೀರಿಗೆ ಮುಖ ಮಾಡಿದ ತೋಟದ ಮನೆ, ಕಾಲು ಎಕರೆಯಿಂದ ಲಭ್ಯ, ಬೆಂಗಳೂರಿನಿಂದ ಮೂರೇ ಗಂಟೆ. ಜೊತೆಗೊಂದು ಚಿತ್ರ. ಜಗಲಿಯಲ್ಲಿ ಬೆತ್ತದ ಕುರ್ಚಿ, ನಾಲ್ಕು ಹೆಜ್ಜೆ ಆಚೆಗೆ ಕಣ್ಣು ಹಾಯುವಷ್ಟು ದೂರ ನೀರು. ಚಿತ್ರ ಸುಳ್ಳೇನಲ್ಲ. ಆದರೆ ಅದು ಆಗಸ್ಟ್‌ನದೋ ಸೆಪ್ಟೆಂಬರ್‌ನದೋ ಆಗಿರುತ್ತದೆ. ಅದೇ ಕುರ್ಚಿಯ ಮೇ ತಿಂಗಳ ಚಿತ್ರವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

‘ಎಲ್ಲಿ ಕೊಂಡರೆ ಒಳ್ಳೆಯದು, ಕಬಿನಿಯೋ ಕೆಆರ್‌ಎಸ್ಸೋ?’ ಎಂದು ಕೇಳುವವರು ಹೆಚ್ಚಿದ್ದಾರೆ. ಮನೆ ಸಾಲ ತೀರಿಸಿ, ಮಕ್ಕಳ ಓದು ಮುಗಿಸಿ, ವಾರಕ್ಕೆರಡು ದಿನ ಸುಮ್ಮನೆ ನೀರು ನೋಡುತ್ತಾ ಕೂರಬೇಕೆನ್ನುವವರು. ಆಸೆಯಲ್ಲಿ ತಪ್ಪಿಲ್ಲ. ಅಮೆರಿಕದಲ್ಲಿರುವ ತಮ್ಮನೋ ಮಗಳೋ ಮಿನೆಸೋಟದ ಸರೋವರದ ದಡದಲ್ಲಿ ರಜೆ ಕಳೆದ ಫೋಟೊ ಕಳಿಸಿದ ಮೇಲಂತೂ ಅದು ಬಲಿಯುತ್ತದೆ. ಅಲ್ಲಿನವು ಹಿಮನದಿಗಳು ಕೊರೆದು ಬಿಟ್ಟುಹೋದ ಸಹಜ ಸರೋವರಗಳು. ವರ್ಷವಿಡೀ ದಡ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ನಮ್ಮ ಕಥೆಯೇ ಬೇರೆ. ಕರ್ನಾಟಕದ ಒಳನಾಡಿನಲ್ಲಿ ದಡ ಎಂದು ನಾವು ಕೂರುವ ಬಹುಪಾಲು ನೀರು ಯಾವುದೋ ಕೆಲಸಕ್ಕಾಗಿ ಯಾರೋ ಕಟ್ಟಿ ನಿಲ್ಲಿಸಿದ್ದು. ಗದ್ದೆಗೆ, ನಲ್ಲಿಗೆ, ವಿದ್ಯುತ್ತಿಗೆ. ಅದು ತುಂಬುವುದೇ ಖಾಲಿಯಾಗುವುದಕ್ಕೆ.

ಕನ್ನಂಬಾಡಿ ಕಟ್ಟೆಯನ್ನೇ ನೋಡಿ. ತುಂಬಿದಾಗ 124.80 ಅಡಿ. ಬೇಸಿಗೆಯ ಕೊನೆಗೆ ತೊಂಬತ್ತರ ಆಚೀಚೆ, ಕೆಟ್ಟ ವರ್ಷದಲ್ಲಿ ಇನ್ನೂ ಕೆಳಗೆ. ಮೂವತ್ತು ಅಡಿ ಎಂದರೆ ಕಡಿಮೆ ಎನಿಸಬಹುದು. ಆದರೆ ನೆಲ ಚಪ್ಪಟೆಯಾಗಿರುವ ಹಿನ್ನೀರಿನ ಕಡೆ ಅಷ್ಟು ಮಟ್ಟ ಇಳಿದರೆ ನೀರು ಮನೆಯ ಎದುರಿನಿಂದ ಎದ್ದು ಎಲ್ಲಿಗೋ ಹೋಗಿರುತ್ತದೆ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. 2025ರಲ್ಲಿ ಹಿಂದೆಂದೂ ಆಗದ ಹಾಗೆ ಜೂನ್ ತಿಂಗಳಲ್ಲೇ ತುಂಬಿತು. ಎಷ್ಟು ಬಂತು ಎನ್ನುವುದು ಕೊಡಗಿನ ಮಳೆಯ ಮಾತು. ಎಷ್ಟು ಉಳಿಯಿತು ಎನ್ನುವುದು ಮಂಡ್ಯದ ನಾಲೆಗಳ, ಬೆಂಗಳೂರಿನ ನಲ್ಲಿಗಳ, ಸುಪ್ರೀಂ ಕೋರ್ಟಿನ ಮಾತು. 2018ರ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನ ಮೂಲಕ ತಮಿಳುನಾಡಿಗೆ 177.25 ಟಿಎಂಸಿ ಅಡಿ ಹರಿಯಬೇಕು. ಹಾಗಾಗಿ ನಿಮ್ಮ ಜಗಲಿಯ ಎದುರಿನ ನೋಟ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ದೆಹಲಿ ಸಭೆಯಲ್ಲಿ ತೀರ್ಮಾನವಾದರೂ ಆಶ್ಚರ್ಯವಿಲ್ಲ.

ನೀರು ಎಷ್ಟು ದೂರ ಸರಿಯುತ್ತದೆ ಎನ್ನುವುದನ್ನು ತಿಳಿಯಲು ದಲ್ಲಾಳಿಯನ್ನು ಕೇಳಬೇಕಾಗಿಲ್ಲ. ಹಿನ್ನೀರಿನ ಅಂಚಿನ ರೈತರ ಪೈಪುಗಳನ್ನು ನೋಡಿದರೆ ಸಾಕು. ನೀರು ಇಳಿದಂತೆಲ್ಲ ಅವರು ಮೋಟರನ್ನು ಹೊತ್ತು ಕೆಳಗೆ ತರುತ್ತಾರೆ, ಹಿಂದಿನಿಂದ ಇಪ್ಪತ್ತು ಅಡಿಯ ಒಂದೊಂದೇ ಪೈಪು ಜೋಡಿಸುತ್ತಾ ಹೋಗುತ್ತಾರೆ. ಪ್ರತಿ ಜೋಡಣೆಗೂ ಸೈಕಲ್ ಟ್ಯೂಬು ಬಿಗಿದಿರುತ್ತದೆ, ಅದರ ಸಂದಿಯಲ್ಲಿ ತೊಟ್ಟಿಕ್ಕುವ ನೀರಿಗೆ ಒಂದಿಷ್ಟು ಹಸಿರು ಗರಿಕೆ. ಜೋಡಣೆಗಳನ್ನು ಎಣಿಸಿಕೊಂಡು ನಡೆಯಿರಿ, ಲೆಕ್ಕ ಅಲ್ಲೇ ಸಿಗುತ್ತದೆ. ಸುತ್ತಲೂ ಬಿರಿದ ಕೆಸರು, ಕಾಲಿಗೆ ಚುಚ್ಚುವ ಕಪ್ಪೆಚಿಪ್ಪು, ಮಗುಚಿಟ್ಟ ತೆಪ್ಪ, ಕುರಿ ಮಂದೆ. ಅದೂ ಒಂದು ನೋಟವೇ. ನನಗಂತೂ ಇಷ್ಟ. ಆದರೆ ಆ ನೋಟಕ್ಕೆ ಯಾರೂ ಸೆಪ್ಟೆಂಬರ್‌ನ ಬೆಲೆ ಕೊಡುವುದಿಲ್ಲ.

ನೀರು ಹೋಗುವುದೊಂದೇ ಅಪಾಯವಲ್ಲ, ಬರುವುದೂ ಅಪಾಯವೇ. ಹಿರಿಯೂರಿನ ವಾಣಿವಿಲಾಸ ಸಾಗರಕ್ಕಿಂತ ದೊಡ್ಡ ಪಾಠ ಇದಕ್ಕೆ ಇಲ್ಲ. ಮಾರಿಕಣಿವೆಯ ಆ ಕಟ್ಟೆ ಮುಗಿದದ್ದು 1907ರಲ್ಲಿ. 130 ಅಡಿಗೆ ಕೋಡಿ. 1933ರಲ್ಲಿ ಒಮ್ಮೆ ಕೋಡಿ ಬಿತ್ತು, ಆಮೇಲೆ ಬೀಳಲೇ ಇಲ್ಲ. ಒಂದು ತಲೆಮಾರು ಹೋಯಿತು, ಇನ್ನೊಂದು ಬಂತು. ಕಟ್ಟೆ ಇನ್ನು ತುಂಬುವುದಿಲ್ಲ ಎಂದೇ ಜನ ನಂಬಿದ್ದರು. ನೀರು ಮರೆತ ನೆಲದಲ್ಲಿ ಉಳುಮೆ ನಡೆಯಿತು, ತೋಟಗಳೆದ್ದವು. 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಬಳಿಕ, ಕಟ್ಟೆ ಕೋಡಿ ಬಿತ್ತು. ಕೆಳಗೆ ಹಿರಿಯೂರಿನವರು ಬಾಗಿನ ಕೊಟ್ಟು ಹಬ್ಬ ಮಾಡಿದರೆ, ಮೇಲೆ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ತೋಟಕ್ಕೆ ನೀರು ನುಗ್ಗಿತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ. ಎಂಬತ್ತೊಂಬತ್ತು ವರ್ಷ ಒಣಗಿದ್ದ ಜಾಗವನ್ನು ಸುರಕ್ಷಿತ ಎಂದು ಮಾರಿದವನಿಗೂ ಕೊಂಡವನಿಗೂ ಕಣ್ಣಾರೆ ಕಂಡ ಸಾಕ್ಷಿಯೇ ಇತ್ತು. ಕಟ್ಟೆಯ ಪೂರ್ಣ ಮಟ್ಟದ ಗೆರೆ ಮಾತ್ರ ನಕ್ಷೆಯಲ್ಲಿ ಹಾಗೇ ಕೂತಿತ್ತು.

ನೋಡಬೇಕಾದದ್ದು ಆ ಗೆರೆಯನ್ನೇ. ಜಲಾಶಯ ಕಟ್ಟುವಾಗ ಸರ್ಕಾರ ಮುಳುಗಡೆಯಾಗುವ ನೆಲವನ್ನೆಲ್ಲ ಸ್ವಾಧೀನ ಮಾಡಿಕೊಂಡಿರುತ್ತದೆ. ನೀರು ಇಳಿದಾಗ ಬಯಲಾಗುವ ಆ ಹಸಿರು ಪಟ್ಟಿ ನೀರಾವರಿ ನಿಗಮದ್ದೋ ವಿದ್ಯುತ್ ನಿಗಮದ್ದೋ ಆಗಿರುತ್ತದೆ. ಅಲ್ಲಿ ರಾಗಿಯೋ ಹುರುಳಿಯೋ ಬೆಳೆದುಕೊಳ್ಳುವ ರೈತನದ್ದಲ್ಲ, ನಿಮಗೆ ಅಳೆದು ತೋರಿಸುವ ದಲ್ಲಾಳಿಯದ್ದಂತೂ ಅಲ್ಲವೇ ಅಲ್ಲ. ‘ನೀರಿಗೆ ತಾಗಿದ ಜಾಗ’ ಎಂದವನ ಹತ್ತಿರ ಪಹಣಿ ಕೇಳಿ, ಅದರಲ್ಲಿ ಖರಾಬು ಎಷ್ಟು, ಅದರಲ್ಲೂ ಸರ್ಕಾರಕ್ಕೆ ಸೇರಿದ ‘ಬಿ’ ಖರಾಬು ಎಷ್ಟು ನೋಡಿ. ಸರ್ಕಾರದ ದಿಶಾಂಕ್ ಆ್ಯಪ್ ಇಟ್ಟುಕೊಂಡು ಆ ಜಾಗದಲ್ಲೇ ನಿಂತರೆ ಯಾವ ಸರ್ವೆ ನಂಬರಿನ ಮೇಲೆ ನಿಂತಿದ್ದೀರಿ ಎಂಬುದು ತಿಳಿಯುತ್ತದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಎನ್ನುವುದು ನಿಜ. ಆದರೆ ಮಾರುವವನಿಗೆ ಹಕ್ಕೇ ಇಲ್ಲದ ನೆಲಕ್ಕೆ ಯಾವ ತಿದ್ದುಪಡಿಯೂ ಹಕ್ಕು ಹುಟ್ಟಿಸುವುದಿಲ್ಲ.

ಶರಾವತಿಯ ಕಡೆ ಇದು ಬರೀ ಕಾಗದದ ಪ್ರಶ್ನೆಯಲ್ಲ. ನೋಟಕ್ಕೇನೋ ಲಿಂಗನಮಕ್ಕಿಯ ಹಿನ್ನೀರಿಗೆ ಸಾಟಿಯಿಲ್ಲ: ದ್ವೀಪಗಳು, ಕಾಡು, ಮಂಜು. 2025ರ ಜುಲೈನಲ್ಲಿ ಸಿಗಂದೂರು ಸೇತುವೆಯೂ ಆಯಿತು, ಇನ್ನು ಲಾಂಚ್‌ಗೆ ಕಾಯಬೇಕಿಲ್ಲ. ಅಲ್ಲಿನ ನೆಲಕ್ಕೆ ಆಸೆ ಪಡುವವರು ಹೆಚ್ಚುವುದು ಸಹಜ. ಆದರೆ 1964ರಲ್ಲಿ ಅಣೆಕಟ್ಟು ಕಟ್ಟಿ ಮುಗಿದಾಗ ಮನೆಮಠ ಬಿಟ್ಟು ಎದ್ದುಹೋದವರ ಪೈಕಿ ಎಷ್ಟೋ ಕುಟುಂಬಗಳು ಆರು ದಶಕದಿಂದ ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಅರಣ್ಯ ಇಲಾಖೆಯದೋ ಕಂದಾಯ ಇಲಾಖೆಯದೋ ಎಂಬ ಜಗ್ಗಾಟ ಮುಗಿದಿಲ್ಲ. ನಾ. ಡಿಸೋಜ ಕಾದಂಬರಿಗಳಲ್ಲಿ ಬರೆದ ಮುಳುಗಡೆಯ ಸಂಕಟ ಹಳೆಯ ಕಥೆಯಾಗಿಲ್ಲ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಇಡಿಯಾಗಿ ಎದ್ದು ನಿಲ್ಲುತ್ತದೆ. ಮುಳುಗಿದವರಿಗೇ ಹಕ್ಕುಪತ್ರ ಸಿಗದ ಊರಿನಲ್ಲಿ ವಾರಾಂತ್ಯದ ಮನೆಗೆ ಪತ್ರ ಸಲೀಸಾಗಿ ಸಿಕ್ಕರೆ, ಆ ಪತ್ರವನ್ನು ಎರಡು ಸಲ ಓದಬೇಕು.

ಕಬಿನಿಯ ವಿಷಯ ಬೇಗ ಮುಗಿಯುತ್ತದೆ. ಅಲ್ಲಿ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಚಿಗುರುವ ಹುಲ್ಲಿಗೆ ನಾಗರಹೊಳೆ, ಬಂಡೀಪುರದ ಆನೆಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಆ ದಡಕ್ಕೆ ಹಕ್ಕುದಾರರು ಮೊದಲೇ ಇದ್ದಾರೆ. ಸೋಲಾರ್ ಬೇಲಿ ಹಾಕಿ ಅವಕ್ಕೆ ದಾರಿ ಕಟ್ಟುವ ಮನೆ ಬೇಡ.

ಹಾಗಾದರೆ ಮೇ ತಿಂಗಳಲ್ಲೂ ತುಂಬಿರುವ ನೀರು ಎಲ್ಲೂ ಇಲ್ಲವೇ? ಇದೆ, ಕೋಲಾರದಲ್ಲಿ! ಶಾಶ್ವತ ಬರಗಾಲದ ಜಿಲ್ಲೆ ಎನಿಸಿಕೊಂಡ ಅಲ್ಲಿ ಎಷ್ಟೋ ಕೆರೆಗಳು ಈಗ ಬೇಸಿಗೆಯಲ್ಲೂ ತುಳುಕುತ್ತವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಅಲ್ಲಿಗೆ ಹರಿಸಲಾಗುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಕೊಡುವ ಲೆಕ್ಕ. ಅಂತರ್ಜಲ ಏರಿದೆ, ರೈತನಿಗೆ ಅದು ಜೀವದಾನ. ನೋಟಕ್ಕೂ ಚೆನ್ನ. ಆದರೆ ಮೊಮ್ಮಕ್ಕಳನ್ನು ಈಜಲು ಬಿಡುವ ಮುಂಚೆ ನೀರು ಎಲ್ಲಿಂದ ಬಂತು ಎಂದು ತಿಳಿದಿರಲಿ. ಇನ್ನು ಬೆಂಗಳೂರಿನೊಳಗೇ ‘ಲೇಕ್ ವ್ಯೂ’ ಎಂದು ಅಡಿಗೆ ಇಷ್ಟು ಹೆಚ್ಚು ಕೊಟ್ಟು ಬೆಳ್ಳಂದೂರಿನಲ್ಲಿ ಫ್ಲ್ಯಾಟ್ ಕೊಂಡವರು ಕೆರೆ ನೊರೆಯುಕ್ಕುವುದನ್ನೂ ಕಂಡರು, ಕೆರೆಗೆ ಬೆಂಕಿ ಬೀಳುವುದನ್ನೂ ಕಂಡರು. ಅವರ ಬಾಲ್ಕನಿ ಕಿಟಕಿಗಳು ಸೊಳ್ಳೆಗೆ ಹೆದರಿ ಮುಚ್ಚಿಕೊಂಡೇ ಇರುತ್ತವೆ.

ನನ್ನನ್ನು ಕೇಳುವುದಾದರೆ, ಶರಾವತಿಗೆ ಹೋಂಸ್ಟೇ ಸಾಕು, ಕಬಿನಿಗೆ ಸಫಾರಿ ಸಾಕು. ಕೊಂಡೇ ತೀರುತ್ತೇನೆ ಎನ್ನುವವರು ನೀರಿನ ಅಂಚು ಬಿಟ್ಟು ಒಂದಷ್ಟು ದೂರದ ದಿಣ್ಣೆಯ ಮೇಲೆ, ಪಹಣಿ ಚೊಕ್ಕಟವಾಗಿರುವ ಜಾಗ ನೋಡಲಿ. ನಮ್ಮ ಹಳೆಯ ಊರುಗಳೂ ಕೆರೆಯಂಗಳಕ್ಕೆ ಇಳಿದು ಮನೆ ಕಟ್ಟಿದವಲ್ಲ. ದೂರದಿಂದ ನೀರು ಕಂಡರೆ ಕಣ್ಣಿಗೆ ಕೊರತೆಯೇನಿಲ್ಲ, ಬೆಲೆಯೂ ಕಡಿಮೆ. ಮುಂಗಡ ಕೊಡುವ ಮಾತನ್ನು ಮೇ ಕೊನೆಯ ವಾರದವರೆಗೆ ತಡೆಯಿರಿ. ಆಗೊಮ್ಮೆ ಹೋಗಿ ಆ ಊರಿನ ಮೀನುಗಾರನನ್ನೋ ಕುರಿ ಕಾಯುವವನನ್ನೋ ಜೊತೆ ಮಾಡಿಕೊಂಡು ನೀರಿನವರೆಗೂ ನಡೆದು ಬನ್ನಿ. ಅಲ್ಲಿಯವರೆಗೆ ಕಾಯಲು ಒಪ್ಪದ ಮಾರಾಟಗಾರನ ಜಾಗ ಬೇಡವೇ ಬೇಡ.